ಕಟ್ಟಿಕೊಡೋದಾ, ಕಟ್ಟಿಕೊಳ್ಳೋದಾ?

"ಸೈಟು ನೋಡೋಕೆ ಬಂದಿದೀನಿ ಅಮ್ಮಾ," ಅಂದ ಅವನು ಬಾಗಿಲಲ್ಲಿ ನಿಂತು. ಎಲ್ಲ ಎಡವಟ್ಟಿಗೂ ಆ ಮಾತೇ ಶುರು.

ಬಾಗಿಲು ತೆರೆದದ್ದು ನಮ್ಮತ್ತೆ, ಅಪ್ಪನ ತಂಗಿ. ನನ್ನನ್ನು ಸಾಕಿದವಳು, ಕೈಗೆ ಕತ್ತರಿ ಕೊಟ್ಟು ಕೆಲಸ ಕಲಿಸಿದವಳು. ಕಿವಿ ಸ್ವಲ್ಪ ಮಂದ, ಆದರೆ ತನಗೆ ಬೇಕಾದ್ದು ಗೋಡೆಯಾಚೆಯಿಂದಲೂ ಕೇಳಿಸುತ್ತೆ. ಅವಳಿಗೆ ಸೈಟು ಅಂದರೆ ಮನೆ ಕಟ್ಟೋ ಜಾಗ, ಅಷ್ಟೇ.

"ಪುಟ್ಟೀ, ಸೈಟಿನವರು ಬಂದಿದಾರೆ! ನೀನು ಯಾವಾಗ ಸೈಟು ತಗೊಂಡೆ?"

ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಕೋಟಿನ ತೋಳು ಕಿರಿದು ಮಾಡ್ತಿದ್ದೆ. ಪಿನ್ನು ತೆಗೆದು, "ಇದು ಕಂಪ್ಯೂಟರಿನ ಸೈಟು ಅತ್ತೆ," ಅಂದೆ.

"ಕಂಪ್ಯೂಟರಲ್ಲಿ ನೋಡಿ ಸೈಟು ತಗೋಬಾರದು ಕಣೇ. ಟೋಪಿ ಹಾಕ್ತಾರೆ."

ಅವನು ನಕ್ಕ. ನಕ್ಕರೆ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಮುಚ್ಚುತ್ತೆ. ಅಂಗಿಯ ಎರಡನೇ ಗುಂಡಿ ಬೇರೆ ಬಣ್ಣದ್ದು, ಅದೂ ಒಂದು ದಾರದಲ್ಲಿ ನೇತಾಡ್ತಿತ್ತು. ಅಷ್ಟು ನೀಟಾಗಿರೋ ಮನುಷ್ಯನಿಗೆ ಅಂಥ ಗುಂಡಿ! ಅತ್ತೆಗೆ ತಿಳಿಸಿ ಹೇಳೋದು ಅಲ್ಲೇ ಮರೆತುಹೋಯ್ತು.

ನನ್ನದು ಆಲ್ಟರೇಷನ್ ಕೆಲಸ. ಹರಿದದ್ದು, ಬಿಚ್ಚಿದ್ದು, ಬಿಗಿಯಾದದ್ದು ಮನೆಯಲ್ಲೇ ಹೇಗೆ ಸರಿಮಾಡಿಕೊಳ್ಳಬಹುದು ಅಂತ ವೆಬ್‌ಸೈಟಿನಲ್ಲಿ ಬರೀತೀನಿ. ಓದಿದವರು ಅನುಮಾನ ಕೇಳೋಕೆ ಪ್ರತಿ ಪುಟದ ಕೆಳಗೂ ಕಾಮೆಂಟಿಗೆ ಜಾಗ ಬೇಕಿತ್ತು. ಅದಿಲ್ಲದೆ ಎಲ್ಲರೂ ಫೋನೇ ಮಾಡ್ತಿದ್ದರು, ಸರಿಯಾಗಿ ನಾನು ಊಟಕ್ಕೆ ಕೂತಾಗಲೇ. ಸೈಟು ಸರಿಮಾಡಿಕೊಡು ಅಂತ ಅವನನ್ನ ಕರೆಸಿದ್ದು ಅದಕ್ಕೇ.

ಅವನು ಬಂದುಬಂದು ಮೊದಲು ಫೋಟೋಗಳನ್ನ ಸರಿಮಾಡಿದ, ಆಮೇಲೆ ಅಕ್ಷರ ದೊಡ್ಡದು ಮಾಡಿದ. ಉಳಿದದ್ದು ಕಾಮೆಂಟು ಮಾತ್ರ. ಅದೂ ಮುಗಿದರೆ ಅವನು ಬರೋಕೆ ಕಾರಣವೇ ಇಲ್ಲ. ಅಷ್ಟರಲ್ಲಿ ನನ್ನ ಕಥೆ ಕೈಮೀರಿತ್ತು. ಮೆಟ್ಟಿಲ ಮೇಲೆ ಅವನ ಚಪ್ಪಲಿ ಸದ್ದು ಕೇಳಿದರೆ ಸಾಕು, ಸೂಜಿಗೆ ದಾರ ಪೋಣಿಸೋಕಾಗ್ತಿರಲಿಲ್ಲ. ಇಷ್ಟವಾಗಿಬಿಟ್ಟಿದ್ದ ಕಣ್ರೀ, ಮುಚ್ಚುಮರೆ ಯಾಕೆ?

ಒಂದು ಮಧ್ಯಾಹ್ನ ಲ್ಯಾಪ್‌ಟಾಪನ್ನ ನನ್ನ ಹೊಲಿಗೆ ಮೆಷಿನ್ ಪಕ್ಕ ಇಟ್ಟು ಹೇಳಿದ. "ಎರಡು ದಾರಿ ಇದೆ. ಒಂದು, ಹೊರಗಿನ ಕಂಪನಿಯವರದ್ದು. ತಂದು ಕೂರಿಸಿದರೆ ಆಯ್ತು, ಅರ್ಧ ಗಂಟೆ ಕೆಲಸ. ಕಸದ ಕಾಮೆಂಟು ಬಂದರೆ ಅವರೇ ಗುಡಿಸ್ತಾರೆ. ಇನ್ನೊಂದು, ಸೈಟಿನೊಳಗೆ ನಮ್ಮದೇ ಕಟ್ಟಿಕೊಳ್ಳೋದು. ಅದರಲ್ಲಿ ಯಾರು ಏನೇ ಬರೆದರೂ ಮೊದಲು ನಿಮ್ಮ ಮುಂದೆ ಬರುತ್ತೆ. ನೀವು ಒಪ್ಪಿದ ಮೇಲೇ ಬೇರೆಯವರಿಗೆ ಕಾಣೋದು."

"ರೆಡಿಮೇಡಾ, ಅಳತೆ ಕೊಟ್ಟು ಹೊಲಿಸೋದಾ ಅನ್ನಿ."

"ಸರಿಯಾಗಿ ಹೇಳಿದ್ರಿ."

ಮತ್ತೆ ಆ ಎಡಗಣ್ಣು. ನಾನು ಅಳತೆ ಟೇಪನ್ನ ಬೆರಳಿಗೆ ಸುತ್ತುತ್ತಾ ಅದನ್ನೇ ನೋಡ್ತಿದ್ದೆ, ಸಿಕ್ಕಿಬಿದ್ದೆ. ಅವನೂ ನನ್ನನ್ನೇ ನೋಡ್ತಿದ್ದ ಅನ್ನೋದೊಂದೇ ಸಮಾಧಾನ.

"ನೀವೇನು ಹೇಳ್ತೀರಿ?"

ಅವನು ನೆಲ ನೋಡಿದ. "ಹೊರಗಿನದೇ ಹಾಕಿಸಿಕೊಳ್ಳಿ. ನಮ್ಮದಾದರೆ ವಾರಕ್ಕೊಂದು ಸಲ ಯಾರಾದರೂ ಬಂದು ನೋಡ್ತಿರಬೇಕು. ನಿಮಗೆ ತೊಂದರೆ."

ಯಾರಾದರೂ ಅಂತೆ! ತೊಂದರೆ ಅಂತೆ! ಬರೋಕೆ ಬೇಜಾರು ಅಂತ ನೇರವಾಗಿ ಹೇಳೋಕೇನು ಧಾಡಿ? ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ, ಅಳುವೂ ಅದರ ಪಕ್ಕದಲ್ಲೇ.

"ಅರ್ಧ ಗಂಟೇಲಿ ಋಣ ತೀರಿತು ಅನ್ನಿ."

"ಹಾಗಲ್ಲರೀ..."

"ಇನ್ನು ಹೇಗೆ? ಆ ಹೊರಗಿನದರಲ್ಲಿ ಜನ ಸುಮ್ಮನೆ ಬಂದು ಕೇಳಬಹುದಾ?"

"ಇಲ್ಲ. ಅವರ ಹತ್ತಿರ ಅಕೌಂಟ್ ಮಾಡಿ ಲಾಗಿನ್ ಆಗಬೇಕು."

"ಚೆನ್ನಾಗಿದೆ! ಆಫೀಸಿಗೆ ಹೊರಟವನ ಪ್ಯಾಂಟಿನ ಜಿಪ್ಪು ಕಿತ್ತು ಕೈಗೆ ಬಂದಿದೆ. ಒಂದು ಕೈಯಲ್ಲಿ ಪ್ಯಾಂಟು ಹಿಡಕೊಂಡು ಇನ್ನೊಂದು ಕೈಯಲ್ಲಿ ಪಾಸ್‌ವರ್ಡ್ ಹೊಂದಿಸ್ತಾ ನಿಲ್ಲಬೇಕಾ ಅವನು?"

ಅವನು ಹೊಟ್ಟೆ ಹಿಡಕೊಂಡು ನಕ್ಕ. ಆಮೇಲೆ ತಾನಾಗೇ ಬಾಯಿಬಿಟ್ಟ. "ಇನ್ನೂ ಇದೆ. ಕೆಳಗೆ ಅವರ ಜಾಹೀರಾತು ಬರುತ್ತೆ. ಪುಟ ತೆರೆಯೋದು ನಿಧಾನ. ಜನ ಬರೆದದ್ದೆಲ್ಲ ಅವರ ಹತ್ತಿರವೇ ಇರುತ್ತೆ, ನಾಳೆ ಅವರು ಬಾಗಿಲು ಹಾಕಿಕೊಂಡು ಹೋದರೆ..."

"ಎಲ್ಲಾ ಅವರ ಜೊತೆಗೇ ಹೋಯ್ತು. ಇಷ್ಟೆಲ್ಲಾ ಗೊತ್ತಿದ್ದೂ ಅದನ್ನೇ ಹಾಕಿಸಿಕೊಳ್ಳಿ ಅಂದಿರಲ್ಲ, ಯಾಕೆ?"

ಅವನು ಆ ಬೇರೆ ಬಣ್ಣದ ಗುಂಡಿಯನ್ನ ತಿರುಚಿದ, ತಿರುಚಿದ, ಅದು ಕಿತ್ತು ಕೈಗೇ ಬಂತು. ನಾನು ಕಿತ್ತುಕೊಂಡು ಡಬ್ಬಿಗೆ ಹಾಕಿ, ಸರಿಯಾದ ಬಣ್ಣದ್ದು ಹುಡುಕಿ ಎದುರಿಗೆ ನಿಂತೆ.

"ಅಲ್ಲಾಡಬೇಡಿ. ಚುಚ್ಚುತ್ತೆ."

"ಚುಚ್ಚಲಿ."

ಸೂಜಿ ಒಳಹೋಗಿ ಹೊರಬಂತು. ಅವನ ಉಸಿರು ನನ್ನ ನೆತ್ತಿಗೆ ತಾಗ್ತಿತ್ತು.

"ಉತ್ತರ ಹೇಳಲಿಲ್ಲ," ಅಂದೆ, ಗುಂಡಿಗೆ.

"ನಮ್ಮದೇ ಕಟ್ಟೋಣ ಅಂದಿದ್ದರೆ, ವಾರವಾರ ಇಲ್ಲಿಗೆ ಬರೋಕೆ ನೆಪ ಹುಡುಕ್ತಿದಾನೆ ಅಂದುಕೊಳ್ತಿದ್ರಿ."

"ಹುಡುಕ್ತಿದ್ರಾ?"

ಅವನ ಕಿವಿ ಕೆಂಪಾಯಿತು. ನನಗೋ ಆ ಕೋಪವೆಲ್ಲಾ ಎಲ್ಲಿ ಹೋಯ್ತೋ, ಹಾಡಬೇಕು ಅನ್ನಿಸಿತು. ದಾರ ಕಡಿಯೋಕೆ ಬಾಗಿದೆ. ಅದೇ ಹೊತ್ತಿಗೆ ಅತ್ತೆ ಟೀ ತಟ್ಟೆ ಹಿಡಕೊಂಡು ಒಳಗೆ ಬರಬೇಕಾ!

"ಕೇಳಿಸ್ಕೊಂಡೆ ಎಲ್ಲಾ," ಅಂದಳು. "ಹೊರಗಿನವರು ಬೇಡವೇ ಬೇಡ. ಅವರಿಗೆ ಮಾಡಿದ್ದು ಹೊಳೇಲಿ ಹುಣಸೇಹಣ್ಣು ಕಿವುಚಿದ ಹಾಗೆ. ಏನಪ್ಪಾ, ಸೈಟು ನಿಂದೋ ಇವಳದೋ?"

"ಇವರದೇ ಅಮ್ಮಾ."

"ಕಟ್ಟೋದು?"

"ನಾನೇ ಕಟ್ಟಿಕೊಡ್ತೀನಿ."

"ಕಟ್ಟಿಕೊಟ್ಟು?"

"ವಾರಕ್ಕೊಂದು ಸಲ ಬಂದು ನೋಡ್ಕೊಂಡು ಹೋಗ್ತೀನಿ."

ಅತ್ತೆ ತಟ್ಟೆಯನ್ನ ಮೇಜಿನ ಮೇಲೆ ಕುಕ್ಕಿದಳು. "ಬಂದು ನೋಡ್ಕೊಂಡು ಹೋಗೋಕೆ ನನ್ನ ಹುಡುಗಿ ಏನು ಖಾಲಿ ಜಾಗವಾ? ಅಷ್ಟು ಹತ್ತಿರ ನಿಂತ್ಕೊಂಡು ಇದೇನು ಮಾತು? ಸರಿಯಾಗಿ ಹೇಳು. ಕಟ್ಟಿಕೊಡೋದಾ, ಕಟ್ಟಿಕೊಳ್ಳೋದಾ?"

"ಅತ್ತೇ! ಇದು ಕಾಮೆಂಟಿನ ವಿಷಯ!"

"ನಿನ್ನ ಕಾಮೆಂಟು ಆಮೇಲೆ ಮಾಡು. ಮೊದಲು ಅವನು ಹೇಳಲಿ."

ಭೂಮಿ ಬಾಯಿಬಿಡಬಾರದಾ ಅನ್ನಿಸಿತು ನನಗೆ. ಅವನು ಮಾತ್ರ ಅತ್ತೆಯನ್ನ ನೋಡಲಿಲ್ಲ, ನನ್ನನ್ನ ನೋಡಿದ. ಈ ಸಲ ನಗು ಇರಲಿಲ್ಲ.

"ಸೈಟಿಗೆ ಬೇಕಾದಾಗ ಕಟ್ಟಿಕೊಡ್ತೀನಿ," ಅಂದ ಮೆಲ್ಲಗೆ. "ಇನ್ನೊಂದು... ತುಂಬಾ ದಿನದಿಂದ ಮನಸ್ಸಲ್ಲಿದೆ. ಆದರೆ ಯಾರು ಏನೇ ಹೇಳಿದರೂ ಮೊದಲು ನಿಮ್ಮ ಒಪ್ಪಿಗೆ ಬೇಕಲ್ಲ."

ಸೂಜಿ ಇನ್ನೂ ನನ್ನ ಕೈಯಲ್ಲಿತ್ತು. ದಾರ ಇನ್ನೂ ಅವನ ಅಂಗಿಯಲ್ಲಿತ್ತು.

"ಒಪ್ಪಿದೆ," ಅಂದೆ.

"ಏನಂದ? ನನಗೆ ಕೇಳಿಸಲಿಲ್ಲ," ಅಂದಳು ಅತ್ತೆ.

ಅವನು ಬೀದಿಗೆಲ್ಲ ಕೇಳೋ ಹಾಗೆ ಕೂಗಿದ. "ಕಟ್ಟಿಕೊಳ್ಳೋದೇ, ಅತ್ತೇ!"

ಅಷ್ಟು ದಿನ ಅಮ್ಮಾ ಅಂತಿದ್ದವನು ಅತ್ತೆ ಅಂದದ್ದು ಅವಳ ಮಂದ ಕಿವಿಗೆ ಚೆನ್ನಾಗೇ ಕೇಳಿಸಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಟೀ ಕುಡಿಯೋಕೂ ಬಿಡದೆ ಸೀದಾ ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿದಳು.

"ಹೊರಡಿ ಮತ್ತೆ," ಅಂದಳು. "ಕತ್ತಲಾಗೋದರೊಳಗೆ ಆ ಸೈಟು ಎಲ್ಲಿದೆ, ನೋಡ್ಕೊಂಡು ಬರೋಣ."