ಗೋಡೆಯಾಚೆಯ ಚಮಚ

ಟಿಣ್... ಟಿಣ್... ಟಿಣ್.

ಗ್ಲಾಸಿಗೆ ಚಮಚ ತಗುಲುವ ಸದ್ದು. ಕಾಪುವಿನ ತಮ್ಮ ಮನೆಯಲ್ಲಿ, ಅಡುಗೆಮನೆಗೆ ತಾಗಿದ ಕೋಣೆಯಲ್ಲಿ ಬರ್ತಾ ಕಣ್ಣು ತೆರೆದೇ ಮಲಗಿದ್ದರು. ಮೊಣಕಾಲಿನ ಆಪರೇಷನ್ ಆದ ಮೇಲೆ ಒಬ್ಬರೇ ಏಳುವ ಹಾಗಿರಲಿಲ್ಲ. ರಾತ್ರಿಯ ಈ ಸದ್ದು ಅವರಿಗೆ ಹೊಸದಲ್ಲ. ಅದರ ಬೆನ್ನಿಗೆ ಬಂದದ್ದು ಹೊಸದು — ಗ್ಲಾಸು ಉರುಳಿತು. ಭಾರವಾದದ್ದೇನೋ ದೊಪ್ಪನೆ ಬಿತ್ತು.

"ಬೇಬೀ! ಕ್ಲಾಯ್ಡ್! ಓಡಿ ಬನ್ನಿ!"

ಅಡುಗೆಮನೆಯ ನೆಲದಲ್ಲಿ ಅವರ ಗಂಡ ಸ್ಟ್ಯಾನಿಸ್ಲಾಸ್ ಬಿದ್ದಿದ್ದರು. ನಾಡಿ ಉಂಟೋ ಇಲ್ಲವೋ ಎನ್ನುವಷ್ಟು ನಿಧಾನ.

ಬೆಳಗಾಗುವಾಗ ಮಣಿಪಾಲದ ವೈದ್ಯರು ಹೇಳಿದ ಮಾತಿಗೆ ಮಗ ಕ್ಲಾಯ್ಡ್ ತತ್ತರಿಸಿದ. ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿದೆ. ಹೃದಯ ಯಾವ ಕ್ಷಣದಲ್ಲೂ ನಿಲ್ಲಬಹುದಿತ್ತು.

"ಬಿ.ಪಿ. ಮಾತ್ರೆ ಬಿಟ್ಟು ಬೇರೆ ಔಷಧ?"

"ಎಂತದೂ ಇಲ್ಲ ಡಾಕ್ಟ್ರೇ!"

ಹಾಗಾದರೆ ಒಳಗೆ ಹೋದದ್ದು ಹೇಗೆ? ಕೊಟ್ಟವರು ಯಾರು?

ಕಡಿಯಾಳಿಯಿಂದ ಬರ್ತಾಳ ತಂಗಿ ಲೀನಾ ಕಾಪುವಿಗೆ ಬಂದಾಗ ಜಗಲಿಯ ಹೊರಗೆ ಒಂದು ಬಟ್ಟೆಯ ಚೀಲ ಬಿದ್ದಿತ್ತು. ಪಕ್ಕದಲ್ಲಿ ಅಳುತ್ತ ನಿಂತವಳು ಬೇಬಿ — ಬರ್ತಾಳ ಆರೈಕೆಗೆ ಬಜಗೋಳಿಯಿಂದ ಬಂದ ಹೋಂ ನರ್ಸ್. ಸ್ಟ್ಯಾನಿಸ್ಲಾಸರಿಗೆ ಮಾತ್ರೆ ತೆಗೆದುಕೊಡುತ್ತಿದ್ದವಳೂ ಅವಳೇ.

"ಪೊಲೀಸರಿಗೆ ಕೊಡ್ತೇನೆ ಇವಳನ್ನು!" ಆಸ್ಪತ್ರೆಯಿಂದ ಆಗಷ್ಟೇ ಮರಳಿದ್ದ ಕ್ಲಾಯ್ಡ್ ಕಿರುಚಿದ. "ಡ್ಯಾಡಿಗೆ ಎಂತ ತಿನ್ನಿಸಿದಳೋ!"

"ಕೊಡುವಿಯಂತೆ. ಮೊದಲು ನಾನು ಕೇಳ್ತೇನೆ," ಎಂದಳು ಲೀನಾ. ವಿಮಾ ಕಂಪನಿಯಲ್ಲಿ ಸಂಶಯದ ಕ್ಲೇಮುಗಳ ತನಿಖೆ ಅವಳ ಕೆಲಸ. ಕಿರುಚುವವರ ನಡುವೆ ತಗ್ಗಿದ ಸ್ವರದಲ್ಲಿ ಮಾತಾಡಿ ಅಭ್ಯಾಸ.

ಬೇಬಿ ಮಾತ್ರೆಯ ಪಟ್ಟಿಗಳನ್ನು ಮುಂದಿಟ್ಟಳು. ಹೆಚ್ಚು ತೆಗೆದದ್ದಿಲ್ಲ, ಬದಲಾದದ್ದೂ ಇಲ್ಲ.

"ಕಂಪ್ಲೇಂಟ್ ಆದ್ರೆ ನನ್ನನ್ನು ಇನ್ನು ಯಾರು ಮನೆಯೊಳಗೆ ಸೇರಿಸ್ತಾರೆ ಮೇಡಂ?"

ಲೀನಾ ಪಟ್ಟಿಗಳನ್ನು ಅವಳ ಕೈಗೇ ಮರಳಿಸಿದಳು. ಅಕ್ಕನ ಕೋಣೆಗೆ ಹೋಗಿ ಬಾಗಿಲು ಹಾಕಿದಳು.

"ಅಕ್ಕಾ, ಎಲ್ಲರಿಗಿಂತ ಮೊದಲು ಎಚ್ಚರ ಇದ್ದವಳು ನೀನು. ಎಂತ ಕೇಳಿಸಿತು?"

"ಬಿದ್ದದ್ದು."

"ಅದಕ್ಕೆ ಮೊದಲು?"

ಬರ್ತಾ ಹೊದಿಕೆಯ ಅಂಚನ್ನು ಮಡಚಿದರು, ಬಿಡಿಸಿದರು.

"ಯಾರ ಹತ್ರವೂ ಹೇಳಬೇಡ. ಈಗ ತಪಸ್ಸುಕಾಲ ಅಲ್ವಾ? ಈಸ್ಟರ್ ತನಕ ಬ್ರಾಂದಿ ಮುಟ್ಟುವುದಿಲ್ಲ ಅಂತ ಇಗರ್ಜಿಯಲ್ಲಿ ಹರಕೆ ಹೊತ್ತು ಬಂದವರು ನಿನ್ನ ಭಾವ. ನಮ್ಮ ವಾಡೆಯ ಗುರ್ಕಾರ ಬೇರೆ — ನಾಲ್ಕು ಮನೆಗೆ ಬುದ್ಧಿ ಹೇಳುವ ಹಿರಿಯ! ದಿನಾ ರಾತ್ರಿ ಕಳ್ಳನ ಹಾಗೆ ಗ್ಲಾಸು, ಚಮಚ... ಟಿಣ್, ಟಿಣ್. ಡಾಕ್ಟರಿಗೆ ಹೇಳಿದರೆ ಊರಿಗೇ ಗೊತ್ತಾಗುವುದಿಲ್ವಾ?"

"ಅದಕ್ಕೆ ಬೇಬಿಯನ್ನು ಬೈಯುವಾಗಲೂ ಸುಮ್ಮನಿದ್ದೆ?"

ಬರ್ತಾ ಗೋಡೆಯ ಕಡೆ ತಿರುಗಿದರು.

ಲೀನಾ ಅಡುಗೆಮನೆಗೆ ಹೋದಳು. ಮೇಜಿನಡಿಗೆ ಉರುಳಿದ್ದ ಗ್ಲಾಸು ಹಾಗೆಯೇ ಇತ್ತು. ತಳದಲ್ಲಿ ಕಿತ್ತಳೆ ಬಣ್ಣದ ಅಂಟು. ಮೂಸಿ ನೋಡಿದಳು. ಕಪಾಟು ತೆರೆದಳು. ಬ್ರಾಂದಿಯ ಬಾಟಲಿ ಇತ್ತು — ಸೀಲು ಒಡೆದಿರಲಿಲ್ಲ! ಫೋನ್ ತೆಗೆದು ವೈದ್ಯರ ಬಳಿ ಒಂದೆರಡು ಪ್ರಶ್ನೆ ಕೇಳಿದಳು. ಅಕ್ಕನ ಕೋಣೆಗೆ ಮರಳಿದಳು.

"ಅಕ್ಕಾ, ಭಾವ ಬ್ರಾಂದಿಗೆ ಎಂತ ಬೆರೆಸುತ್ತಿದ್ದರು?"

"ನೀರು. ಮತ್ತೆಂತ?"

"ನೀರು ಬೆರೆಸಿದ ಬ್ರಾಂದಿಯನ್ನು ಯಾರಾದರೂ ಚಮಚ ಹಾಕಿ ಕಲಕ್ತಾರಾ?"

ಬರ್ತಾ ಮೊಣಕೈ ಊರಿ ಅರ್ಧ ಎದ್ದರು.

ಲೀನಾ ಗ್ಲಾಸು ಹಿಡಿದು ಜಗಲಿಗೆ ಬಂದಳು.

"ಕ್ಲಾಯ್ಡ್, ನೀನು ಮ್ಯಾರಥಾನ್ ಓಡುವವನು. ಬೆವರಿ ಬಂದು ಎಂತ ಕುಡಿಯುತ್ತಿ?"

"ಎಲೆಕ್ಟ್ರೋಲೈಟ್ ಪುಡಿ. ಯಾಕೆ?"

"ಡ್ಯಾಡಿಗೆ ಕೊಟ್ಟಿದ್ದೀಯಾ?"

"ರಾತ್ರಿ ಮೀನಖಂಡ ಹಿಡ್ಕೊಳ್ತದೆ ಅಂದ್ರು... ಒಂದು ಡಬ್ಬಿ ಕೊಟ್ಟೆ. ಆದ್ರೆ ಅದು ಔಷಧ ಅಲ್ಲ ಆಂಟಿ! ಬರೀ ಉಪ್ಪು, ಕಿತ್ತಳೆಯ ರುಚಿ!"

"ಆ ಉಪ್ಪಿನಲ್ಲಿ ಪೊಟ್ಯಾಸಿಯಂ ಉಂಟು. ಭಾವ ತಿನ್ನುವಂಥ ಬಿ.ಪಿ. ಮಾತ್ರೆ ಪೊಟ್ಯಾಸಿಯಂ ಅನ್ನು ಮೈಯಿಂದ ಬೇಗ ಹೊರಗೆ ಬಿಡುವುದಿಲ್ಲ. ನಿನಗೆ ಬೆವರಿನಲ್ಲಿ, ಮೂತ್ರದಲ್ಲಿ ಹೋಗ್ತದೆ. ಅವರಿಗೆ ಒಳಗೇ ಕೂಡುತ್ತ ಬಂತು. ಡಾಕ್ಟರು ಕೇಳಿದ್ದು ಔಷಧ; ನಿನಗೆ ಅದು ಔಷಧ ಅಂತ ಅನಿಸಲೇ ಇಲ್ಲ."

"ಹಾಗಾದ್ರೆ... ನಾನಾ?"

"ನೀನೇ. ಗೊತ್ತಿಲ್ಲದೆ, ಪ್ರೀತಿಯಿಂದ. ಹೋಗು — ಮೊದಲು ಆ ಚೀಲ ಒಳಗೆ ತಾ. ಬೇಬಿಯ ಹತ್ರ ಕ್ಷಮೆ ಕೇಳು."

ಕ್ಲಾಯ್ಡ್ ಎರಡು ಹೆಜ್ಜೆ ಇಟ್ಟು ಮೆಟ್ಟಿಲಲ್ಲೇ ಕುಳಿತುಬಿಟ್ಟ. ಚೀಲವನ್ನು ಕೊನೆಗೆ ಬೇಬಿಯೇ ಎತ್ತಿಕೊಂಡಳು.

ಸ್ಟ್ಯಾನಿಸ್ಲಾಸರನ್ನು ವಾರ್ಡಿಗೆ ತಂದ ಮೇಲೆ ಬರ್ತಾಳನ್ನು ಗಾಲಿ ಕುರ್ಚಿಯಲ್ಲಿ ಲೀನಾಳೇ ದೂಡಿಕೊಂಡು ಹೋದಳು.

"ಹರಕೆ ತಪ್ಪಲಿಲ್ಲ ಮಾರಾಯ್ತಿ," ಸ್ಟ್ಯಾನಿಸ್ಲಾಸ್ ಲೀನಾಳ ಕಡೆ ನೋಡಿ ಕ್ಷೀಣವಾಗಿ ನಕ್ಕರು. "ಕೈಯಲ್ಲಿ ಗ್ಲಾಸು ಇಲ್ಲದೆ ನಿದ್ರೆ ಬರುವುದಿಲ್ಲ. ಆ ಕಿತ್ತಳೆ ನೀರೇ ನನ್ನ ಪೆಗ್ಗು! ಬೇರೆಯವರು ಕೇಳಿದ್ದರೆ ಗುರ್ಕಾರ ಕದ್ದು ಕುಡಿಯುತ್ತಾನೆ ಅನ್ನುತ್ತಿದ್ದರು. ನನ್ನ ಬರ್ತಾ ಮಾತ್ರ ನನ್ನನ್ನು ಸಂಶಯಪಡುವವಳಲ್ಲ. ಅಲ್ವಾ ಲೀನಾ? ಅವಳು ನಿನಗೆ ಎಂತ ಹೇಳಿದಳು?"

ಕುರ್ಚಿಯ ಹಿಡಿಯ ಮೇಲೆ ಬರ್ತಾಳ ಬೆರಳುಗಳು ಬಿಗಿದವು.

ಯಾವ ವರದಿಯಲ್ಲೂ ಲೀನಾ ಒಂದು ಮಾತನ್ನೂ ಬಿಟ್ಟವಳಲ್ಲ.

"ಸದ್ದು ಕೇಳಿ ಕೂಗಿದೆ ಅಂದಳು, ಭಾವ. ಅಷ್ಟೇ."

ಉಳಿದದ್ದನ್ನು ಅವಳು ಯಾರಿಗೂ ಹೇಳುವುದಿಲ್ಲ — ಅಕ್ಕನ ಎದುರಲ್ಲೂ ಇನ್ನು ಎತ್ತುವುದಿಲ್ಲ.