ಸಿಂಬೊಲೊನ್ ಮನೆಮಗಳು

"ಒಂದು ನಿಮಿಷ... ಇದು ನೆಲಕ್ಕೆ ತಾಗಬಾರದು."

ಇಂಚರ ತಿರುಗಿ ನೋಡಿದಳು. ಚಿಕಾಗೋ ಬಳಿಯ ಗ್ಲೆಂಡೇಲ್ ಹೈಟ್ಸ್‌ನ ಇಂಡಿಯನ್ ಅಂಗಡಿಯಲ್ಲಿ, ಬೇಳೆ ಚೀಲಗಳ ನಡುವೆ, ಪರಿಚಯವೇ ಇಲ್ಲದ ಗಂಡಸೊಬ್ಬ ಅವಳು ಹೊದ್ದ ಬಟ್ಟೆಯ ತುದಿ ಹಿಡಿದು ನಿಂತಿದ್ದ. ಜನರ ಬೂಟಿನ ಹಿಮ ಕರಗಿ ನೆಲವೆಲ್ಲ ಕೆಸರಾಗಿತ್ತು. ಅದರಲ್ಲಿ ನೆನೆದ ಕುಚ್ಚನ್ನು ಅವನು ತನ್ನ ಕರ್ಚೀಫಿನಿಂದ ಒರೆಸುತ್ತಿದ್ದ.

"ಬಿಡಿ," ಎಂದಳು.

"ಇದು ಉಲೊಸ್. ನಮ್ಮೂರ ನೇಯ್ಗೆ. ನಿಮ್ಮ ಕುಲ ಯಾವುದು?"

ಅವಳಿಗೆ ಸರ್ರನೆ ಸಿಟ್ಟು ಬಂತು. "ಅಮೆರಿಕಕ್ಕೆ ಬಂದ ಮೇಲೂ ಕುಲ ಕೇಳ್ತೀರಾ?"

"ನಮ್ಮಲ್ಲಿ ಹೆಸರಿಗಿಂತ ಮೊದಲು ಕೇಳೋದೇ ಅದನ್ನ."

"ನಮ್ಮಲ್ಲೂ ಕೇಳ್ತಾರೆ. ಅದಕ್ಕೇ ನಾನು ಹೇಳಲ್ಲ. ಇದು ಯಾರೋ ಪ್ರೀತಿಯಿಂದ ಕೊಟ್ಟ ಶಾಲು, ಅಷ್ಟೇ."

ಅವನು ನಕ್ಕ. ಹೆಸರು ತೊಗಾರ್. ಸುಮಾತ್ರಾದ ತೋಬಾ ಸರೋವರದ ಮೇಲಿನ ಬೆಟ್ಟದ ಹಳ್ಳಿಯವನು, ಬತಾಕ್ ಜನಾಂಗದವನು. ಇಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಅವಳು ಕೇಳದಿದ್ದರೂ ಇಷ್ಟನ್ನು ಹೇಳಿ, ಅವಳ ಅಕ್ಕಿ ಮೂಟೆಯನ್ನು ಕಾರಿನವರೆಗೆ ಹೊತ್ತು ತಂದ.

ಅವಳು ಬೇಡ ಎನ್ನಲಿಲ್ಲ. ಬೇಡ ಎನ್ನುವ ಶಕ್ತಿ ಇರಲಿಲ್ಲ ಎನ್ನುವುದೇ ಸರಿ.

ಮದುವೆಯಾಗಿ ಅರೋರಾಕ್ಕೆ ಬಂದವಳು ಇಂಚರ. ಆ ಮದುವೆ ಮುರಿದಿತ್ತು. ಹಾಫ್‌ಮನ್ ಎಸ್ಟೇಟ್ಸ್‌ನ ಕಣ್ಣಿನ ಕ್ಲಿನಿಕ್‌ನಲ್ಲಿ ಟೆಕ್ನಿಷಿಯನ್ ಕೆಲಸ ಹಿಡಿದು, ಬಾಡಿಗೆ ಮನೆಯೊಂದರಲ್ಲಿ ಒಬ್ಬಳೇ ಇದ್ದಳು. ಶುಕ್ರವಾರ ಸಂಜೆ ಕ್ಲಿನಿಕ್‌ನಲ್ಲಿ ಬೈ ಹೇಳಿದರೆ, ಅವಳ ಬಾಯಿಂದ ಮುಂದಿನ ಮಾತು ಹೊರಡುತ್ತಿದ್ದದ್ದು ಸೋಮವಾರವೇ.

ಅದನ್ನು ತಪ್ಪಿಸಿದವಳು ರುಸ್ಮಿನಾ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದ ಸುಮಾತ್ರಾದ ವಿಧವೆ, ಮಕ್ಕಳಿಲ್ಲದವಳು. ಆಪರೇಷನ್ ಆದಮೇಲೆ ಕರೆದೊಯ್ಯಲು ಯಾರೂ ಇರಲಿಲ್ಲ. ಇಂಚರ ತನ್ನ ಕಾರಿನಲ್ಲೇ ಮನೆಗೆ ಬಿಟ್ಟು ಬಂದಳು. ಮರುವಾರ ಊಟಕ್ಕೆ ಹೋದಳು. ಆಮೇಲೆ ಹೋಗುತ್ತಲೇ ಇದ್ದಳು. ಒಂದು ಭಾನುವಾರ ಆ ಹೆಂಗಸು ಅಡುಗೆಮನೆಯಲ್ಲಿ ಅವಳನ್ನು ಕೂರಿಸಿ, ಹೆಗಲಿಗೆ ಉಲೊಸ್ ಹೊದಿಸಿ, ತಲೆಯ ಮೇಲೆ ಅಕ್ಕಿ ಕಾಳು ಇಟ್ಟು, ಮಸಾಲೆಯ ಮೀನು ತಿನ್ನಿಸಿದಳು. ಸಸ್ಯಾಹಾರಿ ಇಂಚರ ಕಣ್ಣು ಮುಚ್ಚಿ ನುಂಗಿದ್ದಳು.

"ಇವತ್ತಿಂದ ನನ್ನನ್ನ ಇನಾಂಗ್ ಅಂತ ಕರಿ. ಅಮ್ಮ ಅಂತ ಅರ್ಥ," ಎಂದಿದ್ದಳು ರುಸ್ಮಿನಾ.

ಅಕ್ಷತೆ ಹಾಕಿ ಹರಸಿದರು ಎಂದುಕೊಂಡಿದ್ದಳು ಇಂಚರ.

ತೊಗಾರ್‌ನ ವಿಷಯವನ್ನು ಅವಳು ಇನಾಂಗ್‌ಗೆ ತಕ್ಷಣ ಹೇಳಲಿಲ್ಲ. ಇಬ್ಬರೂ ವಾರವಾರವೂ ಆ ಅಂಗಡಿಯಲ್ಲಿ ಸಿಗತೊಡಗಿದ್ದರು. ಪಾರ್ಕಿಂಗ್ ಲಾಟಿನಲ್ಲಿ, ಹೀಟರ್ ಹಾಕಿದ ಕಾರಿನಲ್ಲಿ ಕಾಫಿ ಕುಡಿಯುತ್ತ ಅವನು ತನ್ನ ಹಳ್ಳಿಯನ್ನು ಹೇಳುತ್ತಿದ್ದ. ಯಾವುದೋ ಕಾಲದಲ್ಲಿ ಸಿಡಿದ ಜ್ವಾಲಾಮುಖಿಯ ಬಾಯಿ ತುಂಬ ನೀರು. ಮೇಲೆ ಬಿದಿರ ಬೇಲಿಯೊಳಗೆ ಬೆರಳೆಣಿಕೆಯ ಮನೆಗಳು, ಎರಡೂ ತುದಿ ಮೇಲಕ್ಕೆದ್ದ ಮಾಡುಗಳು. ಮನೆಗಿಂತ ಚೆಂದ ಕಟ್ಟಿಸಿದ ಸಮಾಧಿಗಳು. ಅಂಗಳದಲ್ಲಿ ಒಣಗುವ ಈರುಳ್ಳಿ.

"ಹಗಲು ಹೊತ್ತು ಯಾರ ಮನೆ ಬಾಗಿಲಾದ್ರೂ ಮುಚ್ಚಿದ್ರೆ, ಯಾರು ಸತ್ರು ಅಂತ ಕೇಳ್ಕೊಂಡು ಊರೇ ಬರುತ್ತೆ."

"ಹಾಗಾದ್ರೆ ನಮ್ಮ ಅಪಾರ್ಟ್‌ಮೆಂಟಲ್ಲಿ ಎಲ್ಲರೂ ಸತ್ತಿದ್ದಾರೆ."

"ನೀನು ಸತ್ತಿಲ್ಲ. ನಾನು ಬಂದು ಬಾಗಿಲು ತಟ್ಟಿದ್ದೀನಲ್ಲ."

ಆ ಮಾತಿಗೆ ಅವಳು ಕಿಟಕಿಯ ಕಡೆ ಮುಖ ತಿರುಗಿಸಿದ್ದಳು. ಅಳುವುದನ್ನು ಅವನು ನೋಡುವುದು ಬೇಡವಾಗಿತ್ತು.

ಬೇಸಿಗೆಯಲ್ಲಿ ಅವನನ್ನು ಇನಾಂಗ್ ಮನೆಗೆ ಕರೆದೊಯ್ದಳು. ಅಮ್ಮನಿಗೆ ತೋರಿಸಬೇಕು ಎನ್ನುವ ಆಸೆ. ಯಾರಿಗೂ ತೋರಿಸದೆ ಮಾಡಿಕೊಂಡ ಸುಖ ಸುಖವೇ ಅಲ್ಲ ಎನ್ನಿಸಿತ್ತು.

"ನಿನ್ನ ಕುಲ ಯಾವುದಪ್ಪಾ?" ಹೊಸ್ತಿಲಲ್ಲೇ ಕೇಳಿದಳು ರುಸ್ಮಿನಾ.

"ಸಿಂಬೊಲೊನ್."

ಮುದುಕಿಯ ಮುಖ ಅರಳಿತು. "ನನ್ನ ಗಂಡನ ಕುಲ! ಇಂಚರಾ, ನೋಡು, ನಿಂಗೆ ಅಣ್ಣ ಸಿಕ್ಕಿದ. ಇವಳು ನನ್ನ ಮಗಳಪ್ಪಾ. ಉಲೊಸ್ ಹೊದಿಸಿ ಸಿಂಬೊಲೊನ್ ಮಾಡ್ಕೊಂಡಿದ್ದೀನಿ. ಚರ್ಚಿನಲ್ಲೂ ಎಲ್ಲರಿಗೂ ಹೇಳಿದ್ದೀನಿ."

ತೊಗಾರ್ ತಟ್ಟೆಯಿಂದ ತಲೆ ಎತ್ತದೆ ಉಂಡ. ಹೊರಗೆ ಡ್ರೈವ್‌ವೇಯಲ್ಲಿ ಅವಳ ಕೈಯಿಂದ ತನ್ನ ಕೈ ಬಿಡಿಸಿಕೊಂಡ.

"ನೀನು ನನಗೆ ತಂಗಿ ಆಗ್ತೀಯ. ಒಂದೇ ಕುಲದಲ್ಲಿ ಮದುವೆ ಇಲ್ಲ, ಇಂಚರಾ. ನಮ್ಮಮ್ಮನ ಮುಂದೆ ನಾನು ನಿಂತ್ಕೊಳ್ಳೋಕೂ ಆಗಲ್ಲ."

"ಬೇಡ ಅಂದ್ರೆ ಬೇಡ ಅನ್ನಿ. ತಂಗಿ ಅಂತ ನೆಪ ಹೇಳಬೇಡಿ."

"ನೆಪ ಅಲ್ಲ..."

ಅವಳು ಕಾರಿನ ಬಾಗಿಲು ಹಾಕಿಕೊಂಡಳು.

ಮಹಡಿಯ ಮೇಲಿನ ಉಮ್ಮೆ ಕುಲ್ಸುಮ್ ಹುಬ್ಬಳ್ಳಿಯವಳು. ಇಂಚರಳ ಊದಿದ ಕಣ್ಣು ನೋಡಿ ಚಹಾ ಹಿಡಿದು ಬಂದಳು. ಎಲ್ಲ ಕೇಳಿ, "ನಿಮ್ಮೊಳಗ ಒಂದ ಗೋತ್ರದಾಗ ಲಗ್ನ ಮಾಡ್ತಾರೇನು?" ಎಂದಳು.

"ಇಲ್ಲ ಅಕ್ಕ."

"ದತ್ತಕ ಹೋದ್ರ?"

"ದತ್ತು ಹೋದ ಮನೆ ಗೋತ್ರವೇ ಬರುತ್ತೆ."

"ಮತ್ತ? ಅಂವ ಸುಳ್ಳ ಹೇಳಿಲ್ಲವ್ವಾ. ನೀ ಅಕ್ಷತಿ ಅನ್ಕೊಂಡಿ, ಅಕಿ ದತ್ತಕ ತಗೊಂಡಾಳ. ಹೋಗಿ ಅಕಿನ್ನ ಕೇಳು, ಬಿಟ್ಟ ಕೊಡ್ತಾಳ."

ಇಂಚರ ಕೇಳಲಿಲ್ಲ. ಏನೆಂದು ಕೇಳುವುದು? ನನಗೆ ಗಂಡ ಬೇಕು, ಅದಕ್ಕೆ ನೀನು ಅಮ್ಮನಾಗಿರುವುದು ಬೇಡ ಎಂದೇ? ಗಂಡಸು ಬಿಟ್ಟು ಹೋದರೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು, ಅದನ್ನು ತಡೆದುಕೊಂಡಿದ್ದಳು. ಇನಾಂಗ್ ಇಲ್ಲದ ಭಾನುವಾರವನ್ನು ತಡೆಯುವುದು ಗೊತ್ತಿರಲಿಲ್ಲ.

ತೊಗಾರ್‌ಗೆ ಮೆಸೇಜ್ ಹಾಕಿದಳು: ನೀವು ಹೇಳಿದ್ದು ನಿಜ. ಆದ್ರೆ ನನ್ನನ್ನ ಬಿಟ್ಟುಕೊಡಿ ಅಂತ ಇನಾಂಗ್‌ನ ನಾನು ಕೇಳಲ್ಲ.

ಅವನು ಡೆಟ್ರಾಯ್ಟ್ ಕಡೆಯ ಪ್ಲಾಂಟಿಗೆ ವರ್ಗ ಮಾಡಿಸಿಕೊಂಡು ಹೋದ. ಮತ್ತೆ ಚಳಿ ಬಂತು. ಭಾನುವಾರಗಳು ನಡೆದವು. ಇಂಚರ ಹೋಗುತ್ತಿದ್ದಳು, ಉಣ್ಣುತ್ತಿದ್ದಳು, ಪಾತ್ರೆ ತೊಳೆಯುತ್ತಿದ್ದಳು. ಅಮ್ಮನ ಎದುರಿಗೆ ಕೂತೂ ಒಂಟಿಯಾಗಿರಬಹುದು ಎನ್ನುವುದು ಅವಳಿಗೆ ಹೊಸ ಪಾಠವಾಗಿತ್ತು.

"ಆ ಹುಡುಗ ಮತ್ತೆ ಈ ಕಡೆ ಬರಲೇ ಇಲ್ಲ," ಎಂದಳು ಒಂದು ದಿನ ರುಸ್ಮಿನಾ.

"ಡೆಟ್ರಾಯ್ಟಿಗೆ ಹೋದ್ರು."

"ಯಾಕೆ?"

"ಕೆಲಸ ಇತ್ತು ಅನ್ಸುತ್ತೆ, ಇನಾಂಗ್."

ರುಸ್ಮಿನಾ ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ನಲ್ಲಿ ನಿಲ್ಲಿಸಿದಳು. "ನನ್ನ ಕಣ್ಣಿಗೆ ಆಪರೇಷನ್ ಆಗಿದೆ ಮಗಳೇ. ಈಗ ಕಾಣಿಸುತ್ತೆ." ತಟ್ಟೆ ಒರೆಸಿಟ್ಟು ಕೇಳಿದಳು: "ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಕಳ್ಕೋತೀನಿ."

ಮುದುಕಿ ಉಳಿದ ಪಾತ್ರೆಯನ್ನೆಲ್ಲ ತಾನೇ ತೊಳೆದಳು. ಮಾರನೆಯ ವಾರ ಫೋನ್ ಮಾಡಿ ಇಷ್ಟೇ ಹೇಳಿದಳು: "ಶನಿವಾರ ನನ್ನ ತಮ್ಮನ ಮನೆಗೆ ಡ್ರೈವ್ ಮಾಡು. ಡೆಟ್ರಾಯ್ಟ್ ಹತ್ತಿರ, ಟ್ರಾಯ್."

ಮಿಷಿಗನ್ ಗಡಿ ದಾಟಿದ ಮೇಲೆ ರುಸ್ಮಿನಾ ಬಿಡಿಸಿ ಹೇಳಿದಳು. ಅವಳ ತವರಿನ ಕುಲ ಸಿನಾಗಾ. ತಮ್ಮ ಇಂಚರಳನ್ನು ಮಗಳೆಂದು ತೆಗೆದುಕೊಂಡರೆ ಅವಳು ಸಿನಾಗಾ ಆಗುತ್ತಾಳೆ. ಸಿಂಬೊಲೊನ್ ಹುಡುಗ ಮದುವೆಯಾಗಬಹುದು. "ಆಗ ನಾನು ನಿನಗೆ ಇನಾಂಗ್ ಅಲ್ಲ. ನಂಬೊರು. ಅಪ್ಪನ ಅಕ್ಕ."

"ಸೋದರತ್ತೆ," ಎಂದಳು ಇಂಚರ ಕನ್ನಡದಲ್ಲಿ. ಆಮೇಲೆ, "ಬೇಡ. ಕಾರು ತಿರುಗಿಸ್ತೀನಿ."

"ತಿರುಗಿಸಬೇಡ. ಹಿರಿಯರನ್ನ ಕೇಳದೆ ಅಡುಗೆಮನೆಯಲ್ಲಿ ಕೂತು ನಿನ್ನನ್ನ ಮಗಳು ಮಾಡ್ಕೊಂಡೆ. ಆತುರ ನನ್ನದು. ಒಂಟಿ ಇದ್ದೆ. ನೀನೂ ಒಂಟಿ ಮುದುಕಿಯಾಗು ಅಂತ ಅಲ್ಲ ನಾನು ಹಾಗೆ ಮಾಡಿದ್ದು."

ಟ್ರಾಯ್‌ನ ಆ ಮನೆಯ ಹಾಲ್ ತುಂಬ ಜನ. ಬಾಗಿಲ ಬಳಿ ರುಸ್ಮಿನಾ ಕರೆಸಿದ್ದ ತೊಗಾರ್ ನಿಂತಿದ್ದ, ಸೊರಗಿದ್ದ. ರುಸ್ಮಿನಾ ಎಲ್ಲರೆದುರು ಎದ್ದು ನಿಂತು, ತನ್ನಿಂದ ತಪ್ಪಾಯಿತು, ಈ ಹುಡುಗಿ ನನ್ನ ಮಗಳಲ್ಲ ಎಂದಳು. ದನಿ ನಡುಗಲಿಲ್ಲ.

ತಮ್ಮ ಇಂಚರಳ ತಲೆಯ ಮೇಲೆ ಅಕ್ಕಿ ಇಟ್ಟ. ಈ ಸಲ ಅದರ ಅರ್ಥ ಅವಳಿಗೆ ಗೊತ್ತಿತ್ತು.

"ಈಗ ಕರಿ," ಎಂದಳು ರುಸ್ಮಿನಾ.

ಇಡೀ ಹಾಲ್ ಕಾಯುತ್ತಿತ್ತು.

"ನಂಬೊರು..."

"ಹಾಂ," ಎಂದಳು ರುಸ್ಮಿನಾ, ಮಾಮೂಲಿನಂತೆ.

ಊಟವಾದ ಮೇಲೆ ತೊಗಾರ್ ಸಿಂಕಿನ ಮುಂದೆ ನಿಂತಿದ್ದ. ಇಂಚರ ಟವೆಲ್ ಹಿಡಿದು ಪಕ್ಕಕ್ಕೆ ಬಂದಳು.

"ನನಗೆ ಖುಷಿಯಾಗ್ತಿಲ್ಲ," ಎಂದಳು.

"ಗೊತ್ತು."

"ನಿಮ್ಮ ಮೇಲೆ ಸ್ವಲ್ಪ ಕೋಪವೂ ಇದೆ."

"ಇರಲಿ. ಕೋಪ ಇಟ್ಕೊಂಡೇ ಬಾ."

"ಎಲ್ಲಿಗೆ?"

"ಸದ್ಯಕ್ಕೆ ಕಾರಿಗೆ. ನಾನೂ ಚಿಕಾಗೋಗೆ ಬರ್ತೀನಿ. ನಿನ್ನ ನಂಬೊರು ಆಗಲೇ ಹೋಗಿ ಕೂತಿದ್ದಾರೆ. ಮುಂದಿನ ಸೀಟು ನಿನಗೆ ಅಂತ ಹಿಂದೆ ಕೂತಿದ್ದಾರೆ."

ಇಂಚರ ಕಿಟಕಿಯಿಂದ ನೋಡಿದಳು. ಹಿಂದಿನ ಸೀಟಿನಲ್ಲಿ ಸಣ್ಣ ತಲೆಯೊಂದು ನೇರವಾಗಿ ಕೂತಿತ್ತು.

"ಡ್ರೈವ್ ನೀವೇ ಮಾಡಿ. ನಾನು ಅವರ ಪಕ್ಕ ಕೂರ್ತೀನಿ."

"ಸರಿ." ಅವನು ಒದ್ದೆ ಕೈ ಒರೆಸಿಕೊಂಡ. "ನಿನಗೊಂದು ಮಾತು ಹೇಳೋದಿತ್ತು, ಇಂಚರಾ. ಅವತ್ತು ಡ್ರೈವ್‌ವೇಲೇ ಹೇಳಬೇಕಿತ್ತು..."

"ಪ್ರೀತಿಸ್ತೀನಿ ಅಂತ ತಾನೆ?"

"ಹೌದು."

"ನಾನೂ." ಅವಳು ಟವೆಲ್ ಮಡಿಸಿಟ್ಟಳು. "ಬೇಗ ಬನ್ನಿ, ಕಾರಲ್ಲಿ ಹೀಟರ್ ಹಾಕಿಲ್ಲ. ಅವರಿಗೆ ಚಳಿಯಾಗ್ತಿರುತ್ತೆ."