ತುಳಸು ಉಪ್ಪಾದ ಕತೆ

ಬಹಳ ಹಿಂದೆ, ಕಡಲು ಇನ್ನೂ ಊರ ಬಾಗಿಲಲ್ಲೇ ಇದ್ದ ಕಾಲದಲ್ಲಿ, ಲವಣಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಆಗರದಲ್ಲಿ ಕಡಲ ನೀರನ್ನು ಮಡಿಗಳಿಗೆ ಹಾಯಿಸಿ, ಬಿಸಿಲಿಗೆ ಬತ್ತಿಸಿ ಉಪ್ಪು ಬೆಳೆಯುತ್ತಿದ್ದರು. ಬೊಮ್ಮಯ್ಯ, ಅವನ ಹೆಂಡತಿ ತುಳಸು ಅಲ್ಲಿ ದುಡಿಯುತ್ತಿದ್ದರು. ತುಳಸುವಿನದು ಮಾತೇ ಮಾತು. ಬೊಮ್ಮಯ್ಯ ಕೇಳುವವನು.

ಎದುರಿನ ದ್ವೀಪದ ಕೋಟೆಯಲ್ಲಿ ಧೂಮಾಕ್ಷನೆಂಬ ಮಾಂತ್ರಿಕನಿದ್ದ. ಮನುಷ್ಯರ ಮಾತು ಅವನಿಗೆ ಆಗದು. ಒಂದು ದಿನ ತುಳಸುವನ್ನು ಎತ್ತಿಕೊಂಡು ಹೋಗಿ ಉಪ್ಪಿನ ಗೊಂಬೆ ಮಾಡಿದ.

ಬೊಮ್ಮಯ್ಯ ದೋಣಿ ಹತ್ತಿ ಹೋದ.

"ಇಲ್ಲಿ ಅವಳದೇ ರೂಪದ ಉಪ್ಪಿನ ಗೊಂಬೆಗಳು ಹಲವಿವೆ. ಗುರುತು ಹಿಡಿದರೆ ನಿನ್ನವಳು," ಎಂದ ಧೂಮಾಕ್ಷ. "ತಪ್ಪಿದರೆ ನೀನೂ ಉಪ್ಪು."

ಮೊದಲ ಬಾಗಿಲಿಗೆ ರೆಕ್ಕೆಯ ಕುದುರೆ ಕಾವಲು. ಒಳಗೆ ತುಳಸುವೇ ನಿಂತಿದ್ದಳು. ತಿಳಿಗೆಂಪು ಬಣ್ಣ. ಹಿಂದೆ ಉರಿಯುವ ದೀಪ ಅವಳ ಮೈಯೊಳಗಿಂದ ಕಾಣುತ್ತಿತ್ತು. ಅಷ್ಟು ಚಂದ. ಬೊಮ್ಮಯ್ಯ ಕೈಮುಗಿದ. ಬೆರಳು ತಾಗಿಸಿ ನಾಲಗೆಗೆ ಇಟ್ಟ.

"ಇದು ಸೈಂಧವ. ಬೆಟ್ಟದೊಳಗಿಂದ ಕಡಿದದ್ದು. ಏಕಾದಶಿಯ ಉಪ್ಪು. ನನ್ನವಳು ಬೆಟ್ಟ ಕಂಡವಳಲ್ಲ."

ಕುದುರೆ ತಲೆ ಬಾಗಿಸಿತು.

ಎರಡನೆಯ ಬಾಗಿಲಿಗೆ ಏಳು ಹೆಡೆಯ ಹಾವು. ಒಳಗೂ ತುಳಸುವೇ. ಕಪ್ಪಗಿದ್ದಳು. ಹತ್ತಿರ ಹೋದರೆ ಕೊಳೆತ ಮೊಟ್ಟೆಯ ವಾಸನೆ.

"ಕಪ್ಪುಪ್ಪು. ಮಜ್ಜಿಗೆಗೆ ಚಿಟಿಕೆ ಹಾಕಿದರೆ ಹೊಟ್ಟೆಗೆ ಹಿತ. ಇವಳೂ ಅಲ್ಲ."

"ಮೂಗು ಮುಚ್ಚಿಕೊಳ್ಳಲಿಲ್ಲವಲ್ಲ ನೀನು," ಎಂದಿತು ಹಾವು.

"ಅವಳ ಮುಖ ಇದೆಯಲ್ಲ."

ಹಾವು ದಾರಿ ಬಿಟ್ಟಿತು.

ಮೂರನೆಯ ಬಾಗಿಲಿಗೆ ಬಿಳಿ ಸಿಂಹ. ಒಳಗಿನ ತುಳಸು ಹಾಲಿನ ಹಾಗೆ ಬೆಳ್ಳಗೆ. ಕಡಲ ಗಾಳಿ ಬೀಸಿದರೂ ಮೈಗೆ ತೇವ ಹತ್ತಿರಲಿಲ್ಲ.

"ಇವಳೇ. ಎಷ್ಟು ನುಣುಪು ನೋಡು," ಎಂದ ಧೂಮಾಕ್ಷ.

"ನುಣುಪೇ. ಪುಡಿಯುಪ್ಪು. ಸೋಸಿ, ಕುದಿಸಿ ಮಾಡಿದ್ದು. ತುಳಸುವಿನ ಅಂಗೈ ಒಡೆದಿತ್ತು."

"ಹಾಗಾದರೆ ಹಿತ್ತಲಲ್ಲಿ ನೋಡು," ಎಂದಿತು ಸಿಂಹ.

ಹಿತ್ತಲಲ್ಲಿ ಒಂದು ಬೂದುಬಣ್ಣದ ಗೊಂಬೆ ಬಿದ್ದಿತ್ತು. ದಪ್ಪ ದಪ್ಪ ಹರಳು. ಮೈಯೆಲ್ಲ ಕೆಸರು. ಕಡಲ ಗಾಳಿಗೆ ಬೆವರುತ್ತಿತ್ತು. ನಾಲಗೆಗೆ ಉಪ್ಪು, ಹಿಂದೆಯೇ ಚೂರು ಕಹಿ. ಆಗರದ ಕಲ್ಲುಪ್ಪು.

"ಇವಳು," ಎಂದ ಬೊಮ್ಮಯ್ಯ.

ಧೂಮಾಕ್ಷ ಒಂದು ಕೊಡ ಮುಂದಿಟ್ಟ. "ಸಿಹಿನೀರು. ಹೊಯ್ಯಿ. ಕೆಸರು ಹೋದರೆ ಏಳುತ್ತಾಳೆ."

ಬೊಮ್ಮಯ್ಯ ಕೊಡ ಮುಟ್ಟಲಿಲ್ಲ. ಆಗರದವರು ಉಪ್ಪನ್ನು ಸಿಹಿನೀರಲ್ಲಿ ತೊಳೆಯುವುದಿಲ್ಲ, ಕರಗುತ್ತದೆ. ಬತ್ತಿ ಬತ್ತಿ ದಪ್ಪಗಾದ ಉಪ್ಪುನೀರಲ್ಲೇ ತೊಳೆಯುತ್ತಾರೆ. ಕೋಟೆಯ ಕಂದಕದಲ್ಲಿ ಅಂಥ ನೀರಿತ್ತು. ಬೊಗಸೆ ಬೊಗಸೆಯಾಗಿ ತಂದು ಹೊಯ್ದ. ಕೆಸರು ಇಳಿಯಿತು. ಹಣೆ ಕಂಡಿತು. ಕಣ್ಣು ಕಂಡಿತು. ಒಂದು ಹರಳೂ ಕರಗಲಿಲ್ಲ.

ತುಳಸು ಉಸಿರೆಳೆದಳು.

"ಒಲೆ ಮೇಲೆ ಸಾರಿಟ್ಟಿದ್ದೆ. ಇಳಿಸಿದಿರಾ?"

"ಇಲ್ಲ ಮಾರಾಯ್ತಿ."

"ಸರಿ, ಸೀದು ಹೋಯಿತು ಬಿಡಿ. ನಿಮಗೊಂದು ಕೆಲಸ ಹೇಳಿದರೆ..."

ಮಾತು ನಿಲ್ಲಲಿಲ್ಲ. ಧೂಮಾಕ್ಷ ಕಿವಿ ಮುಚ್ಚಿಕೊಂಡು ಹಿಂದೆ ಸರಿದ, ಕೊಡ ಎಡವಿದ. ಸಾವು ಬರಬಾರದೆಂದು ತನ್ನ ಮೈಯನ್ನೂ ಉಪ್ಪು ಮಾಡಿಕೊಂಡಿದ್ದವನು ಅವನು. ಸಿಹಿನೀರು ಪಾದಕ್ಕೆ ತಾಗಿತು. ಪಾದ ಹೋಯಿತು, ಮಂಡಿ ಹೋಯಿತು, ತಲೆಯೂ ಹೋಯಿತು. ಕುದುರೆ, ಹಾವು, ಸಿಂಹ ತಮ್ಮ ತಮ್ಮ ಕಾಡಿಗೆ ಹೊರಟವು.

ದೋಣಿಯಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ತುಳಸು ಮಾತಾಡಿದಳು. ಬೊಮ್ಮಯ್ಯ ಹುಟ್ಟು ನಿಧಾನವಾಗಿ ಹಾಕಿದ.

ಲವಣಾವತಿಯ ಜನ ಭಯವಿಲ್ಲದೆ ಉಂಡುಟ್ಟು ಬಾಳಿದರು. ಆ ಇಬ್ಬರ ಮನೆಯಲ್ಲಿ ಒಂದು ದಿನವೂ ಮೌನವಿರಲಿಲ್ಲ.